ಜಾಲಿ ತಿರುವಿನ ಹಾರ್ನ್

ನನ್ನ ಮಗ ಮಲ್ಲು ಸತ್ತ ಜಾಗಾದಾಗ ಯಾವನರೆ ಬೈಕಿನಾಂವ ಹಾರ್ನ್ ಹೊಡೀದಽ ಹೋದ್ರ ನಾ ಸುಮ್ಮನ ಬಿಡ್ತಿದ್ದಿಲ್ಲ. ಅಂಗಳದಾಗ ನಿಂತು ಒದರ್ತಿದ್ದೆ. "ಏ ಭಾಡ್ಯಾ, ನಿನ್ನ ಕೈ ಸೇದಿ ಹೋಗ್ಯಾವನು? ಕಲ್ಲು ಕಾಣ್ಲಿಲ್ಲನು?" ಈ ಗದಿಗೆವ್ವನ ಬಾಯಿ ಎಂಥಾದ್ದು ಅಂತ ಊರಿಗೇ ಗೊತ್ತು. ರೊಟ್ಟಿ ಬಡಿಯೂ ಕೈ ಎಷ್ಟು ಜೋರೋ ನಾಲಿಗಿನೂ ಅಷ್ಟಽ ಜೋರು.

ನಮ್ಮ ಮನಿ ಮುಳಗುಂದ ದಾಟಿ ಲಕ್ಷ್ಮೇಶ್ವರದ ಕಡೆ ಹೋಗೂ ರಸ್ತೆ ಮಗ್ಗಲಕ ಐತಿ. ಮನಿಯಿಂದ ಒಂದು ಕೂಗಳತಿ ದೂರದಾಗ ರಸ್ತೆ ತಿರುಗತೈತಿ. ಅಲ್ಲೇ ಹೊಲದ ಕಡೆಯಿಂದ ಒಂದು ಅಡ್ಡ ದಾರಿ ಬಂದು ಕೂಡ್ತೈತಿ. ಎರಡರ ನಡುವ ಜಾಲಿ ಕಂಟಿ ಆಳೆತ್ತರ ಬೆಳದಿತ್ತು. ಅಡ್ಡ ದಾರ್ಯಾಗಿಂದ ಬರೂ ಗಾಡಿ ಮೂತಿ ಹೊರಗ ಹಾಕೂತನಕ ಯಾರಿಗೂ ಕಾಣ್ತಿದ್ದಿಲ್ಲ. ಅದಕ್ಕ ಜಾಲಿ ತಿರುವು ಅಂತಿದ್ರು.

ನಾವು ಖಡಕ್ ರೊಟ್ಟಿ ಮಾಡಿ ಖಾನಾವಳಿಗೆ ಹಾಕ್ತೀವಿ, ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ. ಮಲ್ಲು ಇದ್ದಾಗ ಅಂವಽ ಬೈಕಿಗೆ ಬುಟ್ಟಿ ಕಟ್ಟಕೊಂಡು ಒಯ್ತಿದ್ದ. ತಂಗಿ ಅಂಕಿತಾಗೂ ಗಾಡಿ ಕಲಿಸಿದಾಂವ ಅಂವನಽ. ಕಲಿಸೂದಂದ್ರೇನು, ಬೈದು ಬೈದು ಕಲಿಸ್ತಿದ್ದ, ನನ್ನ ಹೊಟ್ಯಾಗ ಹುಟ್ಟಿದಾಂವ ಅಲ್ಲನು! "ಲೇ ಅಂಕಿ, ಕಾರಿನಾಂವ ನಿನ್ನ ನೋಡ್ಯಾನ ಅಂತ ತಿಳೀಬ್ಯಾಡ. ನೀ ಯಾರ ಕಣ್ಣಿಗೂ ಬೀಳೂದಿಲ್ಲ ಅಂತ ತಿಳಕೊಂಡು ಗಾಡಿ ಹೊಡಿ. ಅವನ ಮಾರಿ ಫೋನಿನ್ಯಾಗ ಇರ್ತೈತಿ. ನೀ ಕಾರಿನ ಮುಂದಿನ ಗಾಲಿ ನೋಡು. ಗಾಲಿ ನಿನ್ನ ಕಡೆ ಹೊಳ್ಳಿತಂದ್ರ ಅಂವ ಬಂದ ಅಂತಽ ತಿಳಿ." ಹಿಂಗ ಹೇಳ್ತಿದ್ದ.

ಹೇಳಿದಾಂವಽ ಹೋದ. ಹೋದ ವರ್ಷ ಕಡ್ಲಿ ಕೀಳೂ ದಿನದಾಗ, ಹಾಡಹಗಲ ಆಗಿದ್ದು. ಅಡ್ಡ ದಾರ್ಯಾಗಿಂದ ಒಂದು ಕಾರು ಜೋರ ಬಂತು. ಹೊಡ್ಯಾಂವ ಫೋನ್ ನೋಡಾಕತ್ತಿದ್ದ. ತಿರುವಿನ ಹತ್ರ ಪಂಕ್ಚರ್ ಅಂಗಡಿ ಇಟಗೊಂಡಿರೂ ಮಹಬೂಬಸಾಬ ಕಣ್ಣಾರೆ ನೋಡ್ಯಾನ. ಅಂವ ನನ್ನ ಮುಂದ ಕುಂತು ಹೇಳಿದ್ದ, "ಮಲ್ಲು ನಿಧಾನನಽ ಇದ್ದ ಯವ್ವಾ. ಹಾರ್ನ್ ಉದ್ದಕ ಹೊಡದ. ಬಿದ್ದ ಮ್ಯಾಲೂ ಅದು ನಿಲ್ಲಲಿಲ್ಲ, ಹಾರ್ನಿನ ಗುಂಡಿ ಒತ್ತಿದಂಗಽ ಸಿಕ್ಕೊಂಡಿತ್ತು. ನಾನಽ ಓಡಿ ಹೋಗಿ ವಾಯರ್ ಕಿತ್ತೆ." ಇಷ್ಟು ಹೇಳಿ ಅಂವ ಟೊಪಗಿ ತಗದು ಮಾರಿ ಮುಚ್ಚಿಕೊಂಡ.

ಮಣ್ಣು ಮಾಡಿ ಬಂದ ಮ್ಯಾಲ ಮಲ್ಲೂನ ಗೆಳ್ಯಾ ಸುದೀಪ ಮತ್ತ ನಾಕ ಹುಡುಗರು ಕೂಡಿ ತಿರುವಿನ್ಯಾಗ ಒಂದು ಸಣ್ಣ ಕಲ್ಲು ನೆಟ್ರು. ಆ ಅಡ್ಡ ದಾರಿ ಹೊಲದ ಮಾಲಕ ನಿಜಲಿಂಗಪ್ಪ, ದೊಡ್ಡ ಮನಷ್ಯಾ, ಕಲ್ಲಿನ ಸುತ್ತ ಫರಸಿ ಹಾಕಿಸಿಕೊಟ್ಟ. ಹುಡುಗರು ಹಾದು ಹೋಗೂಮುಂದ 'ಪೀಂ ಪೀಂ' ಅಂತ ಎರಡು ಗಿಡ್ಡ ಹಾರ್ನ್ ಹೊಡ್ಯಾಕ ಸುರು ಮಾಡಿದ್ರು, ಗೆಳ್ಯಾನ್ನ ಮಾತಾಡ್ಸಿದಂಗ. ಅವರನ್ನ ನೋಡಿ ಮಂದಿ ಹೊಡದ್ರು. ಮುಂಡರಗಿ ಸಂತಿ ಮುಗಿಸಿ ಬರೂ ಟೆಂಪೋದಾಂವ ಹೊಡದ, ಶಾಲಿ ಮಾಸ್ತರ ಹೊಡದ್ರು. ಯಾರೋ ಜಾಲಿಗೆ ಹಳದಿ ಅರಬಿ ಕಟ್ಟಿದ್ರು. ಅರಬಿ ಕಟ್ಟಿದ ಗಿಡಕ್ಕ ಕುಡಗೋಲ ಹಚ್ಚಾವರು ಯಾರು? ಜಾಲಿ ಮತ್ತಷ್ಟು ಬೆಳೀತು. ಹಾರ್ನ್ ಹೊಡೀದಽ ಹೋದವರ ಬೆನ್ನಿಗೆ ಮಲ್ಲೂನ ಗಾಡಿ ಸಪ್ಪಳ ಬರ್ತೈತಿ ಅಂತ ಸುದ್ದಿನೂ ಹುಟ್ಟಿತು.

ನನ್ನ ಮಗ ಯಾರ ಬೆನ್ನೂ ಹತ್ತಾಂವಲ್ಲ. ಆದ್ರೂ ನಾ ಸುಮ್ಮನಿದ್ದೆ, ಯಾಕಂದ್ರ ನನಗ ಹಿಗ್ಗು ಆಗ್ತಿತ್ತು. ಮಗನ್ನ ಕಳಕೊಂಡ ಮನ್ಯಾಗ ಹಿಗ್ಗು ಅನಬಾರ್ದು, ಖರೆ ಆಗ್ತಿತ್ತು. ಇಡೀ ದಿನಾ ಒಲಿ ಮುಂದ ಕುಂತು ರೊಟ್ಟಿ ಬಡಿಯೂಮುಂದ ಆ ಕಡೆಯಿಂದ ಪೀಂ ಪೀಂ ಅಂತ ಕೇಳಿದ್ರ, ಯಾರೋ ನನ್ನ ಮಲ್ಲೂನ ಮಾತಾಡ್ಸಿ ಹೋದ್ರು ಅಂತ ಎದಿ ತಣ್ಣಗ ಆಗ್ತಿತ್ತು.

ಸಂಜಿಮುಂದ ಮಾತ್ರ ಬ್ಯಾರೆ ಆಗ್ತಿತ್ತು. ದೀಪ ಹಚ್ಚೂ ಹೊತ್ತಿಗೆ ತಿರುವಿನ ಕಡೆಯಿಂದ ಒಂದಽ ಹಾರ್ನ್, ಉದ್ದಕ, ನಿಲ್ಲದಂಗ. ಎರಡು ಗಿಡ್ಡ ಅಲ್ಲ, ಒಂದು ಉದ್ದ. ಗಂಟಲ ಕಟ್ಟಿದಂಥಾ ಒಡಕ ದನಿ. ಅಂಥಾ ದನಿ ಈ ರಸ್ತೆದಾಗ ಒಂದಽ ಗಾಡಿಗೆ ಇತ್ತು, ಮಲ್ಲೂನ ಗಾಡಿಗೆ. ಮಹಬೂಬಸಾಬ ಆ ಗಾಡಿ ರಿಪೇರಿ ಮಾಡಿ ಕೊಟ್ಟಿದ್ದ, ಈಗ ಅಂಕಿತಾ ಅದರ ಮ್ಯಾಲಽ ರೊಟ್ಟಿ ಒಯ್ತಾಳ. ಮದಲನೇ ಸಲ ಕೇಳಿದಾಗ ಅಕಿ ಹಿಟ್ಟಿನ ಕೈಲೇ ಎದ್ದು ಅಂಗಳಕ್ಕ ಓಡಿದ್ಳು. ಗಾಡಿ ನಿಂತಲ್ಲೇ ನಿಂತಿತ್ತು. ಕೀಲಿ ಗೂಟಕ್ಕ ಇತ್ತು.

"ಅವ್ವಾ, ಗಾಡಿ ಇಲ್ಲೇ ಐತಲ್ಲ," ಅಂದ್ಳು.

"ಹೆದರಬ್ಯಾಡ ಬಿಡು. ಇಡೀ ದಿನಾ ಮಂದಿ ಮಾತಾಡ್ಸ್ಯಾರ, ನಿಮ್ಮಣ್ಣ ಜವಾಬ ಕೊಡಾಕತ್ತಾನ," ಅಂದೆ. ಅವತ್ತಿನಿಂದ ದಿನಾ ಸಂಜಿಕ ಅವನ ಹೆಸರಿಲೆ ಒಂದು ಬಿಸಿ ರೊಟ್ಟಿ ತಗದಿಡಾಕ ಹತ್ತಿದೆ.

"ಅದು ಜವಾಬ ಕೊಟ್ಟಂಗ ಇಲ್ಲವ್ವಾ," ಅಂದ್ಳು ಅಂಕಿತಾ ಒಮ್ಮಿ. ನಾ ಲಟ್ಟಣಿಗಿ ಎತ್ತಿ ಬೈದೆ. "ಬಾಯಿ ಮುಚ್ಚ, ನಿನಗೇನ ತಿಳೀತೈತಿ!" ಅವತ್ತಿನಿಂದ ಅಕಿ ಆ ಹೊತ್ತಿಗೆ ಕಿವಿ ಮುಚ್ಚಕೊಂಡು ಕುಂಡ್ರತಿದ್ಳು.

ಹಿಂಗಿರೂಮುಂದ ಒಂದು ಮುಂಜಾನಿ ಲಕ್ಷ್ಮೇಶ್ವರಕ್ಕ ಹೊಂಟಿದ್ವಿ. ಅಂಕಿತಾ ಮುಂದ, ಹೆಲ್ಮೆಟ್ ಹಾಕ್ಕೊಂಡು. ನಾ ಹಿಂದ, ಮಗ್ಗಲಕ ರೊಟ್ಟಿ ಬುಟ್ಟಿ. ತಿರುವು ಬರೂ ಮೊದಲಽ ಅಕಿ ಗೇರ್ ಇಳಿಸಿದ್ಳು, ಜಾಲಿ ಬಿಟ್ಟು ರಸ್ತೆ ನಡುವಿಗೆ ಸರದ್ಳು, ಬ್ರೇಕಿನ ಮ್ಯಾಲ ಬೆರಳ ಇಟ್ಳು. ಎಲ್ಲಾ ಅಣ್ಣ ಕಲಿಸಿದಂಗ. ಜಾಲಿ ಆ ಕಡೆ ಇಂಜಿನ್ ಸಪ್ಪಳ ಕೇಳಿ ಹಾರ್ನ್ ಒತ್ತಿದ್ಳು, ಉದ್ದಕ ಒತ್ತಿದ್ಳು.

ಬಿಳಿ ಕಾರಿನ ಮೂತಿ ಹೊರಗ ಬಂತು. ನಿಜಲಿಂಗಪ್ಪನ ಕಾರು. ಕಾರಿನ ಗಾಜಿನ್ಯಾಗಿಂದ ಅವನ ಮಾರಿ ನನಗ ಚೊಲೋ ಕಾಣ್ತು. ಅವನ ಕೈಯಾಗ ಫೋನ್ ಇರಲಿಲ್ಲ. ಬಲಗೈ ಸ್ಟೇರಿಂಗ್ ಬಿಟ್ಟು ಎದಿ ಮ್ಯಾಲ ಇತ್ತು. ತಲಿ ಬಾಗಿತ್ತು. ಎರಡೂ ಕಣ್ಣು ಮುಚ್ಚಿದ್ವು. ಕಾರು ಹಂಗಽ ನಮ್ಮ ಮ್ಯಾಲ ಬಂತು.

"ಗಾಲಿ ಹೊಳ್ಳಿತವ್ವಾ!" ಅಂತ ಅಂಕಿತಾ ಚೀರಿದ್ಳು. ಬಲಕ್ಕ ಎಳದು ಬ್ರೇಕ್ ಹಾಕಿದ್ಳು. ಕಾರಿನ ಬಂಪರ್ ನನ್ನ ಮೊಣಕಾಲ ಸವರಿ ಹೋತು. ಗಾಡಿ ವಾಲಿ ಬಿತ್ತು, ನಾವೂ ಬಿದ್ವಿ. ರೊಟ್ಟಿ ರಸ್ತೆ ತುಂಬ ಚೂರು ಚೂರು. ನಾ ತಡವರಿಸಿ ಮಗಳ ಮೈ ಮುಟ್ಟಿ ಮುಟ್ಟಿ ನೋಡಿದೆ. ಕೈ ತರಚಿತ್ತು, ಅಷ್ಟಽ. ಉಸಿರ ಇತ್ತು. ಎಪ್ಪಾ ಶಿವನೇ, ಉಸಿರ ಇತ್ತು.

ನಿಜಲಿಂಗಪ್ಪ ಇಳದು ಓಡಿ ಬಂದ. "ಗದಿಗೆವ್ವಾ! ಪೆಟ್ಟಾತನು?"

"ಕಣ್ಣ ಎಲ್ಲಿಟ್ಟಿದ್ರಿ? ಹಾರ್ನ್ ಕೇಳ್ಲಿಲ್ಲೇನ್ರಿ ನಿಮಗ? ಇನ್ನೊಂದನ್ನೂ ಇಲ್ಲೇ ಮಣ್ಣ ಮಾಡಸೂದಿತ್ತನು?" ಅಂತ ಒದರಿದೆ.

ಅಂವ ನಮ್ಮ ಗಾಡಿ ಎತ್ತಿ ನಿಲ್ಲಿಸಿದ. "ಕೇಳ್ತವ್ವಾ. ಕೇಳ್ತು ಅಂತಽ ಎದಿಗೆ ಕೈ ಹಚ್ಚಿ ಕಣ್ಣ ಮುಚ್ಚಿದೆ. ಯಾರೋ ನಿಮ್ಮ ಮಲ್ಲೂಗ ಹೊಡದ್ರು ಅಂತ ತಿಳಕೊಂಡೆ."

"ಉದ್ದಕ ಹೊಡದೆನಲ್ರೀ ಕಾಕಾ," ಅಂದ್ಳು ಅಂಕಿತಾ ಅಳಕೋಂತ.

"ಉದ್ದೇನು ಗಿಡ್ಡೇನು ತಂಗೀ. ಇಲ್ಲೆ ಹಾರ್ನ್ ಅಂದ್ರ ನಮಸ್ಕಾರ. ದಿನಾ ನೂರ ಸಲ ಕೇಳ್ತೀನಿ. ಇಲ್ಲೆ ಹಾರ್ನ್ ಕೇಳಿ ಗಾಡಿ ನಿಲ್ಲಸಾವರು ಯಾರದಾರ ಹೇಳು?"

ಬೈಯಾಕ ಬಾಯಿ ತಗದಿದ್ದೆ. ಬಾಗಿ ಬುಟ್ಟಿ ಎತ್ತಿಕೊಂಡೆ. ಅಂವ ಸುಳ್ಳ ಹೇಳಿರಲಿಲ್ಲ. ಹಾರ್ನ್ ಹೊಡೀರೆಲೇ ಅಂತ ಅಂಗಳದಾಗ ನಿಂತು ಬೈದಾಕಿ ನಾನಽ ಅಲ್ಲನು?

ಅವತ್ತು ಸಂಜಿಕ ಒಲಿ ಮುಂದ ಕುಂತಿದ್ದೆ. ಮೊಣಕಾಲ ಬಾತಿತ್ತು. ಆ ಹಾರ್ನ್ ಬಂತು, ಉದ್ದಕ, ಒಡಕ ದನೀಲೆ. ರೊಟ್ಟಿ ಹಂಚಿನ ಮ್ಯಾಲಽ ಸೀದು ಹೋತು. ಮುಂಜಾನಿ ನನ್ನ ಮಗಳು ಒತ್ತಿದ ಹಾರ್ನ್ ಅದು, ಅದಽ ದನಿ, ಅದಽ ಉದ್ದ. ಅಕಿ ಯಾಕ ಒತ್ತಿದ್ಳು ಅನ್ನೂದು ನನಗ ಗೊತ್ತಿತ್ತು. ಹಂಗಾದ್ರ ಅಂವ?

ನನ್ನ ಮಗ ಜವಾಬ ಕೊಡಾಕತ್ತಿರಲಿಲ್ಲ, ಒದರಾಕತ್ತಿದ್ದ. ಸರೀರಿ, ನಾ ಬಂದೆ, ನನ್ನ ನೋಡ್ರಿ ಅಂತ ಸಾಯೂಮುಂದ ಒದರಿದ್ದು ಇನ್ನೂ ಮುಗಿದಿರಲಿಲ್ಲ. ಅವನ ಕಡೀ ಕೂಗಿಗೆ ನಾವು ಕುಂಕುಮ ಹಚ್ಚಿ, ಅದನ್ನ ಯಾರೂ ಕಿವ್ಯಾಗ ಹಾಕ್ಕೊಳ್ಳದಂಗ ಮಾಡಿ ಇಟ್ಟಿದ್ವಿ. ದಿನಾ ಸಂಜಿಕ ಅಂವ ಒದರೂದು, ನಾ ಅವನ ಮುಂದ ರೊಟ್ಟಿ ಇಡೂದು. ತಲಿ ಚಚ್ಚಿಕೊಂಡು ಅತ್ತೆ. ಅಂಕಿತಾ ಬಂದು ನನ್ನ ತಬ್ಬಿಕೊಂಡ್ಳು, ಹಾರ್ನ್ ನಿಲ್ಲೂತನಕ ಬಿಡಲಿಲ್ಲ.

ಮರುದಿನ ಅಂಕಿತಾನ್ನ ಕರಕೊಂಡು, ಸಲಿಕಿ, ಗುದ್ದಲಿ ತಗೊಂಡು ತಿರುವಿಗೆ ಹೋದೆ. ಫರಸಿ ಎಬ್ಬಿಸಿ ಕಲ್ಲಿನ ಬುಡ ಕೆದರೂಮುಂದ ಸುದೀಪ ಓಡಿ ಬಂದ.

"ಅವ್ವಾ, ಏನ ಮಾಡಾಕತ್ತೀ? ಕಲ್ಲು ತಗದ್ರ ಮಲ್ಲ್ಯಾನ್ನ ಎಲ್ಲಾರೂ ಮರತ ಬಿಡ್ತಾರಬೇ!"

"ಮರೀಲಿ," ಅಂದೆ. "ಮರೀಲಿ. ಹಾರ್ನ್ ಕೇಳ್ಲಿ."

ಅಂವ ಗುದ್ದಲಿ ಹಿಡಕೊಂಡ, ಬಿಡಲಿಲ್ಲ. ನಾ ಅವನ ಮುಂಗೈ ಹಿಡದು ನಿನ್ನಿ ಆಗಿದ್ದೆಲ್ಲಾ ಹೇಳಿದೆ, ಅಂಕಿತಾನ ಕೈ ತೋರ್ಸಿದೆ. ಅಂವ ರಸ್ತೆದಾಗಿನ ರೊಟ್ಟಿ ಚೂರು ನೋಡಿದ. ಆಮ್ಯಾಲ ಗುದ್ದಲಿ ಕಸಗೊಂಡು ತಾನಽ ಅಗದ. ಮಹಬೂಬಸಾಬ ಅಂಗಡಿಯಿಂದ ಕೊಡ್ಲಿ ತಂದು, ಹಳದಿ ಅರಬಿ ಬಿಚ್ಚಿ ಮಡಚಿಟ್ಟು, ಜಾಲಿ ಕಡ್ಯಾಕ ನಿಂತ.

ಕಲ್ಲನ್ನ ಎಲ್ಲಿಯರೆ ಒಗ್ಯಾಕ ಬರೂದಿಲ್ಲ. ಹೊಳಿಗೆ ಬಿಡೂಣು ಅಂತ ಅಂಕಿತಾನ ಹಿಂದ ಕುಂತೆ, ಕಲ್ಲು ತೊಡಿ ಮ್ಯಾಲ ಇಟಗೊಂಡು. ಶಿರಹಟ್ಟಿ ದಾಟಿ ತುಂಗಭದ್ರಾ ಹೊಳಿತನಕ ಹಂಗಽ ಹಿಡಕೊಂಡಿದ್ದೆ. ಹೆತ್ತಾಗ ಲಕ್ಷ್ಮೇಶ್ವರದ ದವಾಖಾನಿಯಿಂದ ಅವನ್ನ ಹಿಂಗಽ ತೊಡಿ ಮ್ಯಾಲ ತಂದಿದ್ದೆ, ಬಸ್ಸಿನ್ಯಾಗ. ನೀರಾಗ ಬಿಡೂಮುಂದ ನನ್ನ ಕೈ ಬಿಡವಲ್ಲವು. ಅಂಕಿತಾ ಒಂದೊಂದಽ ಬೆರಳ ಬಿಡಿಸಿದ್ಳು.

ಕಲ್ಲು ಹೋದ ಮ್ಯಾಲೂ ಮಂದಿ ರೂಢಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ದಿನಾ ಮಧ್ಯಾಹ್ನ ತಿರುವಿನ್ಯಾಗ ಕುಂತು ಬೈದೆ. "ಏ ಭಾಡ್ಯಾ, ಯಾಕ ಹೊಡೀತಿ? ಯಾರರೆ ಅಡ್ಡ ಬಂದಾರನು? ಕೈಗೆ ಕೆಲಸಿಲ್ಲನು?" ಮಂದಿ ನಕ್ರು, ಗದಿಗೆವ್ವಗ ತಲಿ ತಿರಗೇತಿ ಅಂದ್ರು. ಅನ್ಲಿ. ಸಾವಕಾಶ ಪೀಂ ಪೀಂ ಕಡಿಮಿ ಆತು, ಆಮ್ಯಾಲ ನಿಂತು ಹೋತು. ಸಂಜಿಮುಂದಿನ ಆ ಉದ್ದ ಹಾರ್ನ್ ಮಾತ್ರ ದಿನಾ ಬರ್ತಽ ಇತ್ತು.

ಮೊನ್ನೆ ಅಂಕಿತಾನ ಹಿಂದ ಕುಂತು ಅದಽ ತಿರುವಿನ್ಯಾಗ ಬರಾಕತ್ತಿದ್ದೆ. ಜಾಲಿ ಇರಲಿಲ್ಲ, ಅಡ್ಡ ದಾರ್ಯಾಗ ಬರೂ ಕಾರು ದೂರಿಂದಽ ಕಾಣ್ತು. ಯಾರೋ ಪರ ಊರಾಂವ, ಮಾರಿ ಕೆಳಗ ಹಾಕಿದ್ದ, ಕೈಯಾಗ ಫೋನ್ ಇತ್ತು. ಅಂಕಿತಾ ಗಾಡಿ ನಿಧಾನ ಮಾಡಿ ಹಾರ್ನ್ ಒತ್ತಿದ್ಳು, ಉದ್ದಕ, ಒಡಕ ದನೀಲೆ. ಅಂವ ತಟ್ಟನ ತಲಿ ಎತ್ತಿದ. ಕಾರು ಗಕ್ಕನ ನಿಂತು ಧೂಳೆಬ್ಬಿಸಿತು. ಅಂವ ನಮ್ಮನ್ನ ನೋಡಿದ. ಕಣ್ಣ ತಗದು, ಇಬ್ಬರನ್ನೂ ನೋಡಿದ. ಅಂಕಿತಾ ದಾಟಿ ಹೋದ್ಳು. ನಾ ಅಕಿ ಬೆನ್ನಿಗೆ ಮಾರಿ ಒತ್ತಿ ಮನಿ ಬರೂತನಕ ಅತ್ತೆ.

ಅವತ್ತು ಸಂಜಿಕ ದೀಪ ಹಚ್ಚಿ ಒಲಿ ಮುಂದ ಕುಂತೆ. ಹೊತ್ತಾತು. ತಿರುವಿನ ಕಡೆಯಿಂದ ಏನೂ ಬರಲಿಲ್ಲ. ಅಂಕಿತಾ ಕಿವಿ ಮುಚ್ಚಿದ ಕೈ ತಗದು ನನ್ನ ಮಾರಿ ನೋಡಿದ್ಳು. ಮರುದಿನಾನೂ ಬರಲಿಲ್ಲ.

ಚೊಲೋ ಆತು. ಚೊಲೋ ಆತು ಅಂತ ನನಗ ನಾನಽ ಹೇಳಿಕೊಂತೀನಿ. ಆ ಹೊತ್ತಿಗೆ ಮಾತ್ರ ರೊಟ್ಟಿ ಬಡಿಯೂ ಕೈ ತಾನಽ ನಿಲ್ತೈತಿ, ಕಿವಿ ರಸ್ತೆ ಕಡೆ ಹೋಗ್ತೈತಿ. ಅವನ ಹೆಸರಿನ ರೊಟ್ಟಿ ಇನ್ನೂ ತಗದಿಡ್ತೀನಿ. ಮುಂಜಾನಿ ಅದನ್ನ ಅಂಕಿತಾ ತಿಂದು ಗಾಡಿ ತಗೊಂಡು ಹೋಗ್ತಾಳ.