ಗುರುವಾರದ ಖಾಲಿ ಗಂಟೆ

ಪಿಟೀಲು ಟೀಚರಿಗೆ ‘ಇಲ್ಲ’ ಎನ್ನುವ ಮಾತು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಕಮಾನು ಒಂಚೂರು ಜಾರಿದರೆ ಮಕ್ಕಳನ್ನು ಗದರುತ್ತಿದ್ದ ಹೆಂಗಸು, ಅದೇ ಮಕ್ಕಳ ಅಪ್ಪ ಅಮ್ಮಂದಿರ ಮುಂದೆ ಬೆಣ್ಣೆಯಾಗಿ ಕರಗಿಬಿಡುತ್ತಿದ್ದಳು. ಪ್ರತಿ ಹೊಸ ವರ್ಷಕ್ಕೂ ಮನೆಯ ಮುಂದಿನ ಕೋಣೆಯನ್ನು ತೊಳೆದು, ಸ್ಟ್ಯಾಂಡುಗಳ ತಿರುಪು ಬಿಗಿದು, ಸವೆದ ತಂತಿಗಳನ್ನು ಬದಲಿಸಿ, ಕರಿಹಲಗೆಯ ಮೇಲೆ ಪಾಠದ ವೇಳಾಪಟ್ಟಿ ಬರೆಯುತ್ತಿದ್ದಳು. ಅದರಲ್ಲಿ ಗುರುವಾರ ಸಂಜೆ ಒಂದು ಗಂಟೆ ಖಾಲಿ. ಅದು ಅವಳದು, ತಾನೊಬ್ಬಳೇ ಕೂತು ತನಗಾಗಿ ನುಡಿಸಿಕೊಳ್ಳಲು.

ವಾರ ಕಳೆಯುವಷ್ಟರಲ್ಲಿ ಆ ಗಂಟೆ ಯಾರದೋ ಪಾಲಾಗುತ್ತಿತ್ತು. ಹೆಚ್ಚಾಗಿ ಎದುರು ಬೀದಿಯ ದಂತವೈದ್ಯರ ಪಾಲು. ಅವರ ಮಗಳಿಗೆ ಒಂದು ದಿನ ಈಜು, ಒಂದು ದಿನ ಚಿತ್ರಕಲೆ, ಇನ್ನೊಂದು ದಿನ ಸುಮ್ಮನೆ ಸುಸ್ತು. ನೋವೇ ಗೊತ್ತಾಗದ ಹಾಗೆ ಕೀಳುವುದು ಅವರ ಕಸುಬಲ್ಲವೇ? ನಗುನಗುತ್ತಾ ಬಂದು ಗಂಟೆಯನ್ನು ಬುಡಸಮೇತ ಕಿತ್ತುಕೊಂಡು ಹೋಗುತ್ತಿದ್ದರು.

ಹೀಗೆ ಬೀದಿಯ ಮಕ್ಕಳೆಲ್ಲ ನುಡಿಸಲು ಕಲಿತರು, ಟೀಚರ ಬೆರಳುಗಳು ತುಕ್ಕು ಹಿಡಿದವು. ಕಳೆದ ವರ್ಷ ಮಕ್ಕಳ ಕಾರ್ಯಕ್ರಮದ ಕೊನೆಯಲ್ಲಿ ಅವಳೇ ಒಂದು ಕೃತಿ ನುಡಿಸಲು ಕೂತು, ನಡುವೆ ಎಡವಿ, ನಿಂತೇಬಿಟ್ಟಳು. ಮಕ್ಕಳು ಪಾಪ, ಪ್ರೀತಿಯಿಂದ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನೆನೆದು ಅವಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಇನ್ನೊಂದು ವರ್ಷ ಹೀಗೇ ಹೋದರೆ ತಾನು ಪಾಠ ಹೇಳುವವಳಾಗಿ ಉಳಿಯುತ್ತೇನೆಯೇ ಹೊರತು ನುಡಿಸುವವಳಾಗಿ ಅಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನಲ್ಲಿಯ ಸದ್ದಿನ ಹಿಂದಿನ ಅಳು ಅವಳ ಅತ್ತೆಗೆ ಕೇಳಿಸಿತ್ತು. ಅತ್ತೆ ಎಂದರೆ ಸಾಮಾನ್ಯರಲ್ಲ. ಅರ್ಧ ಆಯುಷ್ಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ನಿವೃತ್ತಿಯಾಗಿದ್ದರೂ ಬೀದಿಗೆಲ್ಲ ಅವರು ಕಂಟ್ರೋಲರಮ್ಮನೇ. ಎಂತೆಂಥ ಡ್ರೈವರುಗಳನ್ನು ಕಣ್ಣಲ್ಲೇ ಹೆದರಿಸಿದವರಿಗೆ ಈಗ ಹೆದರಿಸಲು ಸಿಗುತ್ತಿದ್ದವರು ಹೆತ್ತ ಮಗ ಮತ್ತು ಹಾಲಿನವನು, ಇಬ್ಬರೇ.

“ಈ ವರ್ಷದ ಶೆಡ್ಯೂಲು ನಾನು ಹಾಕ್ತೀನಿ,” ಎಂದು ಅವರು ಸೀಮೆಸುಣ್ಣ ಕಿತ್ತುಕೊಂಡರು.

“ಅತ್ತೆ, ಇದು ಬಸ್ಸಲ್ಲ.”

“ಗೊತ್ತು ಕಣಮ್ಮ. ಬಸ್ಸಿಗಾದ್ರೆ ಹಾರನ್ನಾದ್ರೂ ಇರುತ್ತೆ. ನಿಂಗೆ ಅದೂ ಇಲ್ಲ.”

ನೋಡನೋಡುತ್ತಲೇ ಸಂಗೀತದ ಕೋಣೆ ನಿಲ್ದಾಣವಾಯಿತು. ಪಿಟೀಲಿನ ಪೆಟ್ಟಿಗೆಗಳಿಗೆ ನಂಬರು ಹಚ್ಚಿದ ಗೂಟಗಳು ಬಂದವು. ಬೇಗ ಬಂದವರು ಹೊರಗಿನ ಬೆಂಚಿನಲ್ಲೇ ಕಾಯಬೇಕು. ಪಾಠ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಅತ್ತೆಯ ನಿಲ್ದಾಣದ ಹಳೇ ಸೀಟಿ ಮೊಳಗುತ್ತಿತ್ತು. ಸೀಟಿಯ ಸ್ವರ ತೀರಾ ಮೇಲಿದೆ ಎಂದು ಟೀಚರ್ ಗೊಣಗಿದರೆ, “ಮೇಲಿದ್ರೇನೇ ಜನ ಹೊರಡೋದು,” ಎಂದರು. ಗುರುವಾರದ ಗಂಟೆಯನ್ನು ಮಾತ್ರ ಅವರೂ ಖಾಲಿ ಬಿಟ್ಟರು.

“ಇದು ಸರ್ವಿಸಿಂಗು. ಶೆಡ್ಡಿಗೆ ಹೋಗದ ಗಾಡಿ ನಡುದಾರೀಲಿ ಕೈಕೊಡುತ್ತೆ.”

ಟೀಚರ ಮುಖ ಕೆಂಪಾಯಿತು. ಆದರೂ ಒಳಗೊಳಗೆ ಹಿತವಾಯಿತು.

ಮರುದಿನವೇ ದಂತವೈದ್ಯರು ನಗುನಗುತ್ತಾ ಬಂದರು. ಟೀಚರ ನಾಲಿಗೆ ‘ಆಗಲಿ’ಯ ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಒಳಗಿನಿಂದ ದನಿ ಬಂತು:

“ಗುರುವಾರ ಫುಲ್ಲಾಯ್ತು ಡಾಕ್ಟ್ರೇ! ಹೊಸಬರೊಬ್ರು ಸೇರಿದ್ರು!”

ಅವರು ಹೋದ ಮೇಲೆ ಟೀಚರ್ ನಕ್ಕಳು. “ಎಷ್ಟು ಚೆನ್ನಾಗಿ ಸುಳ್ಳು ಹೇಳ್ತೀರಿ ಅತ್ತೆ!”

“ಸುಳ್ಳ್ಯಾಕೆ? ನಿಜವಾಗ್ಲೂ ಸೇರಿಸ್ಕೊಂಡಿದೀನಿ.”

ಟೀಚರ ನಗು ಅಲ್ಲೇ ಸತ್ತಿತು. ಗಂಟೆಯನ್ನು ಕಾಪಾಡಬೇಕಾದವರೇ ಕೊಟ್ಟುಬಿಟ್ಟರಲ್ಲ! ಸಿಟ್ಟು ನೆತ್ತಿಗೇರಿತು, ಆದರೆ ಅತ್ತೆಗೆ ತಾನೇ ಅವಳು ಯಾವತ್ತು ಎದುರಾಡಿದ್ದಳು? ಹಲ್ಲು ಕಚ್ಚಿಕೊಂಡು ಒಳಗೆ ಹೋಗಿ ಪಿಟೀಲಿನ ಬಿರಡೆಗಳನ್ನು ಬೇಕಿಲ್ಲದಿದ್ದರೂ ತಿರುವುತ್ತಾ ಕೂತಳು.

ಗುರುವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು. ತಲೆ ಬಾಚಿಕೊಂಡು, ಕನ್ನಡಕ ಒರೆಸಿಕೊಂಡು, ಕಂಕುಳಲ್ಲಿ ಮಕ್ಕಳ ಪಿಟೀಲಿನ ಪೆಟ್ಟಿಗೆ ಇಟ್ಟುಕೊಂಡು ಒಳಬಂದವರು ಸಾಕ್ಷಾತ್ ಕಂಟ್ರೋಲರಮ್ಮ.

“ನೀವಾ?”

“ಯಾಕೆ, ವಯಸ್ಸಾಯ್ತು ಅಂತಾನಾ? ಮೊದಲು ನೀನು ನುಡಿಸಿ ತೋರ್ಸು. ನೋಡಿ ಕಲೀತೀನಿ.”

ಟೀಚರ್ ಮಕ್ಕಳ ಪಾಠವೊಂದನ್ನು ನುಡಿಸಿದಳು.

“ಅರ್ಥ ಆಗ್ಲಿಲ್ಲ. ಉದ್ದದ್ದೊಂದು ನುಡಿಸು. ಚಿಕ್ಕಪುಟ್ಟದ್ದೆಲ್ಲ ನನ್ನ ತಲೆಗೆ ಹತ್ತಲ್ಲ.”

ಆಗ ಟೀಚರಿಗೆ ಹೊಳೆಯಿತು. ಕಳೆದ ವರ್ಷ ಎಡವಿದ ಅದೇ ಕೃತಿಯನ್ನು ಎತ್ತಿಕೊಂಡಳು. ಅದೇ ಜಾಗದಲ್ಲಿ ಮತ್ತೆ ಎಡವಿದಳು.

“ರಿವರ್ಸ್ ತಗೊಂಡು ಮತ್ತೆ ಬಾ,” ಎಂದರು ಶಿಷ್ಯೆ, ಕಣ್ಣು ಮುಚ್ಚಿಕೊಂಡೇ.

ಮತ್ತೆ ಬಂದಳು, ಮತ್ತೂ ಬಂದಳು, ಕೊನೆಗೆ ದಾಟಿದಳು. ಅಷ್ಟರಲ್ಲಿ ಶಿಷ್ಯೆ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಪೆಟ್ಟಿಗೆಯನ್ನು ತೆರೆದೇ ಇರಲಿಲ್ಲ. ಮುಂದಿನ ಗುರುವಾರವೂ ಅಷ್ಟೇ, “ಮರ್ತೋಯ್ತು, ಮೊದ್ಲಿಂದ ತೋರ್ಸು,” ಎಂದರು. ಅದರ ಮುಂದಿನ ವಾರವೂ ಅದೇ ಮರೆವು.

ಒಂದು ಸಂಜೆ ಅತ್ತೆ ತರಕಾರಿಗೆಂದು ಹೋಗಿದ್ದಾಗ ದಂತವೈದ್ಯರು ಮತ್ತೆ ಬಂದರು.

“ಟೀಚರ್, ಆ ಹೊಸ ಶಿಷ್ಯೆ ಪೆಟ್ಟಿಗೇನೇ ತೆಗೆಯಲ್ವಂತೆ. ನನ್ನ ಮಗಳು ಕಿಟಕೀಲಿ ನೋಡಿದ್ಳು. ನಿದ್ದೆ ಮಾಡೋರಿಗೆ ಗುರುವಾರವೇ ಯಾಕೆ? ನಮಗೆ ಕೊಟ್ಬಿಡಿ.”

ಮಾತಿನಲ್ಲಿ ನ್ಯಾಯವಿತ್ತು. ಒಳಗಿನಿಂದ ದನಿ ಬರಲಿಲ್ಲ. ಟೀಚರ್ ಬಾಯಿ ತೆರೆದಳು, ದಂತವೈದ್ಯರು ಅಭ್ಯಾಸಬಲದಿಂದ ಒಳಗೆ ಇಣುಕಿದರು.

“ಇಲ್ಲ,” ಎಂದಳು. ಹೇಳಿದ ಮೇಲೆ ತನಗೇ ಆಶ್ಚರ್ಯವಾಗಿ ಇನ್ನೊಮ್ಮೆ ಹೇಳಿ ನೋಡಿದಳು. “ಇಲ್ಲ ಡಾಕ್ಟ್ರೇ. ಅವ್ರಿಗಿನ್ನೂ ಒಂದು ಸ್ವರಾನೂ ಬಂದಿಲ್ಲ. ಕಲಿಯೋವರೆಗೂ ಬಿಡೋ ಹಾಗಿಲ್ಲ.”

“ಕಲಿಯೋದು ಯಾವಾಗ?”

“ಅವಸರ ಇಲ್ಲ ಅಂದಿದಾರೆ.”

ಹಿತ್ತಲ ಬಾಗಿಲಿಂದ ಯಾವಾಗಲೋ ಬಂದಿದ್ದ ಅತ್ತೆಯ ಸೀಟಿ ಅಡುಗೆಮನೆಯ ಕಡೆಯಿಂದ ಉದ್ದಕ್ಕೆ ಮೊಳಗಿತು, ದಂತವೈದ್ಯರು ಹೊರಟರು.