ಅಣಬೆ ಪಂಡಿತನ ಹೆಂಡತಿ

ಲೈನಲ್ ಕ್ರಾಬ್‌ಟ್ರೀ ದೊಡ್ಡ ಅಣಬೆ ಪಂಡಿತ. ಇಂಗ್ಲೆಂಡಿನ ಶ್ರಾಪ್‌ಶೈರಿನ ಕಾಡುಗಳಲ್ಲಿ ಹನ್ನೊಂದು ವರ್ಷ ಅಲೆದು ಪುಸ್ತಕ ಬರೆದಿದ್ದ. ಪ್ರತಿ ಅಣಬೆಗೂ ಒಂದು ತೀರ್ಪು: 'ವಿಷ', ಇಲ್ಲವೇ 'ಎಡಿಬಲ್'. ಗುರುತು ಹಿಡಿಯುವ ಕೆಲಸ ಪಂಡಿತನದು, ತಿನ್ನುವ ಕೆಲಸ ಹೆಂಡತಿ ಮೇವಿಸ್‌ಳದು. ಇವತ್ತು ತಿಂದವಳು ನಾಳೆ ಬೆಳಿಗ್ಗೆ ಎದ್ದು ಚಹಾ ಮಾಡಿಕೊಟ್ಟರೆ, ಪಂಡಿತ ಅದನ್ನು ಹೀರುತ್ತಾ 'ಎಡಿಬಲ್' ಎಂದು ಬರೆದುಕೊಳ್ಳುತ್ತಿದ್ದ. ಆಹಾ, ಎಂಥ ವಿಜ್ಞಾನ!

ಪ್ರಕಾಶಕ ಗ್ರಿಂಡ್ಲೆ ಊಟಕ್ಕೆ ಬಂದು ಹಸ್ತಪ್ರತಿ ಒಯ್ಯುವ ದಿನ. ಬೆಳಿಗ್ಗೆಯೇ ಮೇವಿಸ್ ಹಳೆಯ ರಾಗ ತೆಗೆದಳು.

"ಎಡಿಬಲ್ ಅಂದ್ರೆ ತಿಂದ್ರೆ ಸಾಯಲ್ಲ ಅಂತ, ಅಷ್ಟೇ. ಬಾಯಿಗಿಡೋ ಹಾಗಿದ್ರೆ ಈಟಬಲ್ ಅಂತಾರೆ. ಆ ಬೂದು ಅಣಬೆ ಒದ್ದೆ ಕಾಲುಚೀಲದ ಥರ ಇತ್ತು, ಲೈನಲ್. ಅದನ್ನೂ ಬರಿ, ಮಹಾರಾಯ."

"ನಿನ್ನ ನಾಲಿಗೆ ಚಪಲಕ್ಕೆಲ್ಲ ವಿಜ್ಞಾನದಲ್ಲಿ ಜಾಗ ಇಲ್ಲ, ಮೇವಿಸ್."

ಚಪಲವಂತೆ! ಮೇವಿಸ್‌ಳ ಮೈಯೆಲ್ಲ ಉರಿಯಿತು. ಪುಸ್ತಕದಲ್ಲಿ ಅವಳ ಹೆಸರಂತೂ ಇರಲಿಲ್ಲ, ತನ್ನದೊಂದು ಮಾತಾದರೂ ಇರಲಿ ಎಂದು ಆಸೆಪಟ್ಟಿದ್ದಳು. ಇವತ್ತು ಹಸ್ತಪ್ರತಿ ಹೋದರೆ ಅದೂ ಮುಗಿಯಿತು. ಕಣ್ಣೊರೆಸಿಕೊಂಡು ಬುಟ್ಟಿ ಹಿಡಿದು ಕಾಡಿಗೆ ಹೊರಟಳು.

ಮಧ್ಯಾಹ್ನ ಮೂರು ತಟ್ಟೆಗಳಲ್ಲೂ ಬೆಣ್ಣೆಯಲ್ಲಿ ಹುರಿದ ಬೂದು ಅಣಬೆ. ಗ್ರಿಂಡ್ಲೆ ಒಂದು ತುತ್ತು ತಿಂದವನೇ ನೀರಿಗೆ ಕೈಚಾಚಿದ.

"ಏನ್ ಮೇಡಂ ಇದು?"

"ಹೆದರ್ಬೇಡಿ ಸರ್, ಎಡಿಬಲ್. ಮೂವತ್ತೆರಡನೇ ಪುಟ ನೋಡಿ."

ಗ್ರಿಂಡ್ಲೆ ಪುಟ ನೋಡಿದ, ಆಮೇಲೆ ಪಂಡಿತನ ತಟ್ಟೆ ನೋಡಿದ. ಅದು ಮುಟ್ಟಿದ ಹಾಗಿರಲಿಲ್ಲ.

"ನೀವು ತಿನ್ನಲ್ವಾ?"

"ನಾನು ಯಾವತ್ತೂ ತಿಂದಿಲ್ಲ," ಎಂದ ಲೈನಲ್, ಅದರಲ್ಲೇನು ವಿಶೇಷ ಎಂಬಂತೆ. "ನನಗೇನಾದ್ರೂ ಆದ್ರೆ ಪುಸ್ತಕ ಮುಗಿಸೋರು ಯಾರು?"

ಗ್ರಿಂಡ್ಲೆ ಹಸ್ತಪ್ರತಿಯನ್ನು ತನ್ನ ಮುಂದೆ ಎಳೆದುಕೊಂಡು, ಪೆನ್ನು ತೆಗೆದು, ಮೇವಿಸ್ ಕಡೆ ತಿರುಗಿದ.

"ಹೇಳಿ ಮೇಡಂ, ಏನಂತ ಬರೀಲಿ?"

"ನನ್ನದು ಬರೀ ಚಪಲ ಸರ್. ಪಂಡಿತರೇ ತಿಂದು ಹೇಳ್ಲಿ."

ಇಬ್ಬರೂ ದಿಟ್ಟಿಸಿ ನೋಡುತ್ತಿದ್ದರೆ ಲೈನಲ್‌ಗೆ ಬೇರೆ ದಾರಿ ಇರಲಿಲ್ಲ. ಒಂದು ಚೂರು ಬಾಯಿಗಿಟ್ಟ. ಅಗಿದ. ನುಂಗಲಾರದೆ ನುಂಗಿದ.

"ಒದ್ದೆ ಕಾಲುಚೀಲ," ಎಂದ ಮೆಲ್ಲಗೆ.

ಗ್ರಿಂಡ್ಲೆ ಹಾಗೆಯೇ ಬರೆದುಕೊಂಡ. "ಎಡಿಬಲ್ ಅನ್ನೋದನ್ನ ಹಾಗೇ ಬಿಡ್ಲಾ, ಮೇಡಂ?"

"ಸದ್ಯಕ್ಕೆ ಹೊಡೆದುಹಾಕಿ," ಎಂದಳು ಮೇವಿಸ್, ತಟ್ಟೆಗಳನ್ನು ಎತ್ತುತ್ತಾ. "ನಾಳೆ ಬೆಳಿಗ್ಗೆ ಇವನು ಎದ್ದು ನಂಗೆ ಚಹಾ ಮಾಡಿಕೊಟ್ರೆ ಫೋನ್ ಮಾಡ್ತೀನಿ."