ಎಣ್ಣೆ ಸೋಕದ ಕೈ

ನಾಲ್ಕನೆಯ ರೊಟ್ಟಿಯ ಮೇಲಿಂದ ಮರದ ಅಚ್ಚನ್ನು ಎತ್ತಿದಾಗ, ಮೂಡಿದ ಶಿಲುಬೆಯ ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ ಕಂಡಿತು. ಸಾಸಿವೆ ಕಾಳಿನಷ್ಟಿತ್ತು. ಗಿಂಕಾ ತನ್ನ ಬಲಗೈ ನೋಡಿಕೊಂಡಳು. ಹೆಬ್ಬೆರಳಿನ ಬಿರುಕು ಮತ್ತೆ ಬಾಯಿ ಬಿಟ್ಟಿತ್ತು. ಬೆರಳನ್ನು ಬಾಯಲ್ಲಿಟ್ಟುಕೊಂಡು, ಎಡಗೈಯಲ್ಲಿ ಆ ಹಿಟ್ಟನ್ನು ಇಡಿಯಾಗಿ ಎತ್ತಿ ಒಲೆಗೆ ಹಾಕಿದಳು.

"ಏನೇ ಅದು ಬೆಂಕಿಗೆ ಹಾಕಿದ್ದು?" ಒಲೆಯ ಪಕ್ಕದ ಬೆಂಚಿನಿಂದ ಅತ್ತೆ ವೆಲಿಕಾ ಕೇಳಿದಳು. ಎಂಬತ್ತೆರಡರ ಮುದುಕಿಗೆ ಕಣ್ಣು ಪೂರಾ ಮಂಜು. ಕಿವಿ, ಮೂಗು ಮಾತ್ರ ಸುಸ್ಥಿತಿಯಲ್ಲಿದ್ದವು.

"ಸೌದೆ, ಅತ್ತೆ."

"ಸೌದೆ ಸುಟ್ಟರೆ ಹಿಟ್ಟಿನ ವಾಸನೆ ಬರುತ್ತೇನು?"

ಗಿಂಕಾ ಎಡಗೈಯಿಂದಲೇ ಇನ್ನೊಂದು ಉಂಡೆ ಹಿಟ್ಟು ಮುರಿದುಕೊಂಡಳು. ನಾಳೆ ಸಂತ ನಿಕೋಲಾನ ಹಬ್ಬ, ಚರ್ಚಿಗೆ ಐದು ರೊಟ್ಟಿ ಹೋಗಬೇಕು.

ಪೂಜೆಯ ರೊಟ್ಟಿಗೆ ಹಿಟ್ಟು, ನೀರು, ಉಪ್ಪು, ಹುದುಗು ಬಿಟ್ಟರೆ ಬೇರೇನೂ ಬೀಳಕೂಡದು. ಎಣ್ಣೆಯ ಪಸೆ ಸೋಕಿದರೂ ಕೆಟ್ಟಿತೆಂದೇ ಲೆಕ್ಕ. ನಾದುವ ಕೈ ಮುಟ್ಟು ನಿಂತ ಹೆಂಗಸಿನದೇ ಆಗಬೇಕು. ವೆಲಿಕಾ ಇಪ್ಪತ್ತಾರು ವರ್ಷ ಆ ಕೆಲಸ ಮಾಡಿದ್ದಳು. ಸೊಸೆಯ ತಿಂಗಳುಗಳನ್ನು ಅದಕ್ಕೂ ಮುಂಚಿನಿಂದ ಎಣಿಸುತ್ತ ಬಂದಿದ್ದಳು. ಮೊದಮೊದಲು ಮೊಮ್ಮಗನ ಆಸೆಗೆ, "ಈ ತಿಂಗಳೂ ಆದೆಯೇನೇ ದರಿದ್ರದವಳೇ?" ಎಂದು ಬೆಳಿಗ್ಗೆಯೇ ಕೇಳುತ್ತಿದ್ದಳು. ಮಗ ಪೆಂಚೊ ಮಕ್ಕಳಿಲ್ಲದೆ ಸತ್ತ ಮೇಲೆ ಎಣಿಕೆ ಈ ಅಚ್ಚನ್ನು ಸೊಸೆಗೆ ದಾಟಿಸುವುದಕ್ಕಾಗಿ ನಡೆಯಿತು. ಐವತ್ತೆರಡಕ್ಕೆ ಗಿಂಕಾಗೆ ನಿಂತಿತು. ಹನ್ನೆರಡು ತಿಂಗಳು ತುಂಬಿದ ದಿನ ಮುದುಕಿ ದೇವರ ಪಟದ ಕೆಳಗೆ ಬಿಳಿ ಬಟ್ಟೆಯ ಮೇಲಿದ್ದ ಅಚ್ಚನ್ನು ತಡಕಿ ತೆಗೆದು ಅವಳ ಕೈಗಿಟ್ಟಳು.

"ಅಂತೂ ಒಂದಕ್ಕಾದರೂ ಉಪಯೋಗಕ್ಕೆ ಬಂದೆ," ಎಂದಳು.

ಆ ಮಾತಿನ ಮುಳ್ಳೂ ಗಿಂಕಾಗೆ ಅಂದು ಚುಚ್ಚಲಿಲ್ಲ, ಅಷ್ಟು ಸಂತೋಷವಾಗಿತ್ತು. ಬಂಜೆಯ ನೆರಳು ತೊಟ್ಟಿಲಿಗೆ ಬೀಳಬಾರದೆಂದು ಹೊರಗೆ ನಿಲ್ಲಿಸಿದ್ದ ಹೆಂಗಸರೇ ಈಗ ಭಾನುವಾರ ಚರ್ಚಿನಲ್ಲಿ ಸರಿದು ದಾರಿ ಬಿಡುತ್ತಿದ್ದರು. ಊರು ಅವಳಿಗೆ ಕೊಟ್ಟದ್ದು ಅದೊಂದೇ. ಅದನ್ನು ಕಳೆದುಕೊಂಡರೆ ಮತ್ತೆ ಹೊರಗೆ ನಿಲ್ಲುವುದೇ ಗತಿ.

ಆದರೆ ಮುಟ್ಟು ಒಂಟಿಯಾಗಿ ಹೋಗಲಿಲ್ಲ, ಚರ್ಮದ ಪಸೆಯನ್ನೂ ಕರೆದುಕೊಂಡು ಹೋಯಿತು. ಮೊದಲು ಮೊಣಕಾಲ ಕೆಳಗೆ ಹೊಟ್ಟು ಉದುರಿತು. ಆಮೇಲೆ ಬೆನ್ನಿನ ಮೇಲೆ ಇರುವೆ ಹರಿದಂತೆ ತುರಿಕೆ. ಚಳಿ ಬಿದ್ದ ಮೇಲೆ, ನಾದುವ ಮುಂಚೆ ಮನೆಯಲ್ಲೇ ಕಾಸಿದ ಕ್ಷಾರದ ಸೋಪಿನಲ್ಲಿ ಮೂರು ಮೂರು ಸಲ ತೊಳೆಯುವ ಬೆರಳುಗಳೆಲ್ಲ ಒಡೆದವು. ಪಟ್ಟಣದ ಡಾಕ್ಟರಮ್ಮ ಕೈ ನೋಡಿ ಲೊಚಗುಟ್ಟಿದಳು.

"ಇದು ರೋಗ ಅಲ್ಲಮ್ಮ. ಮುಟ್ಟು ನಿಂತಾಗ ಮೈಯೊಳಗೆ ಒಂದು ಹಾರ್ಮೋನು ಇಳಿದುಹೋಗುತ್ತೆ. ಚರ್ಮ ತೆಳ್ಳಗಾಗುತ್ತೆ, ನೀರು ಹಿಡ್ಕೊಳ್ಳಲ್ಲ. ಆ ಮನೆ ಸೋಪು ಬಿಟ್ಟುಬಿಡಿ. ಸುಡೋ ನೀರು ಬೇಡ, ಉಗುರುಬೆಚ್ಚಗಿರಲಿ. ಎಷ್ಟು ಸಲ ತೊಳೀತೀರೋ ಅಷ್ಟು ಸಲ, ಕೈ ಒದ್ದೆ ಇರೋವಾಗಲೇ ಈ ಮುಲಾಮು ಹಚ್ಚಿ."

"ಇದರಲ್ಲಿ ಎಣ್ಣೆ ಇದೆಯಾ?"

"ಎಣ್ಣೆ ಇಲ್ಲದೆ ಮುಲಾಮು ಹೇಗಮ್ಮ ಆಗುತ್ತೆ?" ಡಾಕ್ಟರಮ್ಮ ನಕ್ಕಳು. "ಹಿಟ್ಟು ನಾದೋವಾಗ ಕೈಗವಸು ಹಾಕ್ಕೊಳ್ಳಿ."

ಮನೆಗೆ ಬಂದು ಕೈಗವಸಿನ ಮಾತು ತೆಗೆದದ್ದೇ ತಡ, ವೆಲಿಕಾ ಉರಿದುಬಿದ್ದಳು. "ದೇವರಿಗೆ ರೊಟ್ಟಿ ಮಾಡ್ತೀಯೋ, ಹೆಣ ತೊಳೀತೀಯೋ?"

ಗಿಂಕಾ ಮುಲಾಮಿನ ಡಬ್ಬಿಯನ್ನು ಉಪ್ಪಿನ ಡಬ್ಬಿಯ ಹಿಂದೆ ಅಡಗಿಸಿಟ್ಟಳು. ಸೋಮವಾರದಿಂದ ಗುರುವಾರದವರೆಗೆ ಹಚ್ಚುವುದು, ಶನಿವಾರ ಹಿಟ್ಟು ನಾದಬೇಕಾದ್ದರಿಂದ ಮುಂದಿನೆರಡು ದಿನ ಬಿಡುವುದು. ನಾಲ್ಕು ದಿನ ಕೂಡಿಕೊಂಡದ್ದು ಆ ಎರಡು ದಿನದಲ್ಲಿ ಮತ್ತೆ ಒಡೆಯುತ್ತಿತ್ತು. ಈ ವಾರ ಉರಿ ತಡೆಯಲಾರದೆ ಶುಕ್ರವಾರವೂ ಹಚ್ಚಿಬಿಟ್ಟಿದ್ದಳು.

"ಬಾ ಇಲ್ಲಿ. ಕೈ ಕೊಡು," ಎಂದಳು ವೆಲಿಕಾ.

ಮೂವತ್ತು ವರ್ಷದಲ್ಲಿ ಅತ್ತೆ ಅವಳ ಕೈ ಹಿಡಿದದ್ದು ಅದೇ ಮೊದಲು. ಹಿಡಿದು ಮೂಗಿನ ಹತ್ತಿರ ಒಯ್ದಳು.

"ಎಣ್ಣೆ."

"ನಿನ್ನೆ ಹಚ್ಚಿದ್ದು, ಅತ್ತೆ. ಬೆಳಿಗ್ಗೆ ಬೂದಿ ಹಾಕಿ ತಿಕ್ಕಿದೀನಿ. ಚರ್ಮ ಕಿತ್ತು ಬರ್ತಿದೆ, ನೋಡಿ."

"ನನಗೆಲ್ಲಿ ಕಣ್ಣು?"

"ಹಾಗಾದ್ರೆ ಮುಟ್ಟಿ ನೋಡಿ."

ಮುದುಕಿಯ ಬೆರಳು ಬಿರುಕಿನ ಗುಂಟ ಹೋಗಿ ಒದ್ದೆ ಜಾಗದಲ್ಲಿ ನಿಂತಿತು. "ರಕ್ತ ನಿಂತಿತು ಅಂತ ಅಚ್ಚು ಕೊಟ್ಟೆ. ನೀನು ಕೈಯಿಂದ ಸುರಿಸ್ತಾ ಇದೀಯ. ಹೋಗು, ತ್ಸೋನ್ಕಾನ ಕರಿ."

"ಇದೊಂದು ಸಲ, ಅತ್ತೆ..."

"ಕರಿ ಅಂದೆ."

ಪಕ್ಕದ ಮನೆಯ ತ್ಸೋನ್ಕಾ ನಾಲ್ಕು ಮಕ್ಕಳ ತಾಯಿ, ಅರವತ್ತು ದಾಟಿದವಳು. ಬಂದವಳೇ ತೋಳು ಮಡಚಿ ಕೈ ತೊಳೆದಳು. ಗಿಂಕಾಳ ಕೈಯಲ್ಲಿ ನಾದಿದ್ದನ್ನೆಲ್ಲ ಮೇಕೆಯ ಬಾನಿಗೆ ಸುರಿದು, ತಾನೇ ಹೊಸದಾಗಿ ಹಿಟ್ಟು ಕಲಸಿದಳು. ಗಿಂಕಾ ನೀರು ತಂದುಕೊಟ್ಟಳು, ಸೌದೆ ಒಟ್ಟಿದಳು. ಅಚ್ಚು ತ್ಸೋನ್ಕಾಳ ಕೈಯಲ್ಲಿ ಐದು ಸಲ ಏರಿಳಿಯುವುದನ್ನು ನೋಡುತ್ತ ನಿಂತಳು.

"ಕೈ ಒಡೆದರೆ ಹೆದರ್ಕೋಬೇಡ, ತ್ಸೋನ್ಕಾ," ವೆಲಿಕಾ ಬೆಂಚಿನಿಂದ ಹೇಳುತ್ತಿದ್ದಳು. "ಚರ್ಚಿನ ಮೇಣದಬತ್ತಿ ತುಂಡು ಕರಗಿಸಿ ಒಂದೊಂದು ಹನಿ ಬಿರುಕಿಗೆ ಬಿಡು. ಸುಡುತ್ತೆ, ಹಲ್ಲು ಕಚ್ಕೋಬೇಕು. ಬಿರುಕು ಮುಚ್ಚಿಹೋಗುತ್ತೆ, ರಕ್ತ ಆಚೆ ಬರಲ್ಲ. ನಾನು ಇಪ್ಪತ್ತಾರು ವರ್ಷ ಹಾಗೇ ಮಾಡಿದೋಳು."

ಗಿಂಕಾ ಕೈಯ ಹೂಜಿಯನ್ನು ಮೇಜಿನ ಮೇಲಿಟ್ಟಳು. ಮುದುಕಿಯ ಮಡಿಲಲ್ಲಿ ಬಿದ್ದಿದ್ದ ಕೈಗಳ ಕಡೆ ನೋಡಿದಳು. ಗೆಣ್ಣು ಗೆಣ್ಣಿಗೂ ಸುಟ್ಟ ಬಿಳಿ ಕಲೆಗಳು. ದಿನಾ ಕಂಡ ಕಲೆಗಳೇ.

"ನನಗ್ಯಾಕೆ ಹೇಳ್ಲಿಲ್ಲ, ಅತ್ತೆ?"

"ನೀನು ಕೇಳ್ಲಿಲ್ಲವಲ್ಲ."

ತ್ಸೋನ್ಕಾ ತಲೆ ತಗ್ಗಿಸಿ ಹಿಟ್ಟಿನ ತೊಟ್ಟಿ ಒರೆಸಿದಳು. ಬೆಂದ ರೊಟ್ಟಿಗಳನ್ನೂ ಅಚ್ಚನ್ನೂ ಬಿಳಿ ವಸ್ತ್ರದಲ್ಲಿ ಕಟ್ಟಿಕೊಂಡು, ಬರ್ತೀನಿ ಎಂದೂ ಹೇಳದೆ ಹೊರಟುಹೋದಳು.

ಗಿಂಕಾ ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡು, ಸೋಪು ಮುಟ್ಟದೆ ಕೈ ತೊಳೆದಳು. ಉಪ್ಪಿನ ಹಿಂದಿನಿಂದ ಡಬ್ಬಿ ತೆಗೆದು, ಒದ್ದೆ ಆರುವ ಮುಂಚೆಯೇ ಬೆರಳ ಸಂದು, ಗೆಣ್ಣು, ಉಗುರಿನ ಬುಡ ಯಾವುದನ್ನೂ ಬಿಡದೆ ಹಚ್ಚಿದಳು. ಶುಕ್ರವಾರ, ಶನಿವಾರ ಎಂದು ಇನ್ನು ನೋಡಬೇಕಾಗಿರಲಿಲ್ಲ. ಉರಿ ಇಳಿಯಿತು. ಆಗ ಅಳು ಬಂತು. ಅತ್ತು ಮುಗಿಸಿದಳು.

"ಅದನ್ನ ಸ್ವಲ್ಪ ನನ್ನ ಬೆನ್ನಿಗೂ ಸವರೇ," ಎಂದಳು ವೆಲಿಕಾ. "ಚಳಿ ಶುರುವಾದಾಗಿಂದ ತುರಿಕೆ ಪ್ರಾಣ ತಿಂತಿದೆ."

ಡಬ್ಬಿ ಇನ್ನೂ ಮುಕ್ಕಾಲು ತುಂಬಿತ್ತು.

"ಮುಗಿದುಹೋಯ್ತು, ಅತ್ತೆ."

ಮುದುಕಿ ಮುಖ ಎತ್ತಿ ಮೂಗಿನ ತುಂಬ ಗಾಳಿ ಎಳೆದುಕೊಂಡಳು.

ಗಿಂಕಾ ಮುಚ್ಚಳ ಬಿಗಿದು, ದೇವರ ಪಟದ ಕೆಳಗೆ ಅಚ್ಚು ಇರುತ್ತಿದ್ದ ಬಿಳಿ ಬಟ್ಟೆಯ ಮೇಲೆ ಡಬ್ಬಿಯನ್ನಿಟ್ಟಳು. ಬೆನ್ನ ಹಿಂದೆ, ದಪ್ಪ ಉಣ್ಣೆಯ ಅಂಗಿಯ ಮೇಲೆ ಮುದುಕಿಯ ಉಗುರು ಪರಪರ ಕೆರೆಯತೊಡಗಿತು.